ಹಾಜರಿ ಪುಸ್ತಕ ಬಲ್ಲವರಿಗೊಂದು ಕೋರ್ಸು

ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ತಾಂಡಾಗಳಲ್ಲಿ ಮಳೆಗಾಲದ ಬೆಳೆ ಕೈಗೆ ಬಂದೋ ಬಾರದೆಯೋ ಮುಗಿಯುತ್ತಿದ್ದಂತೆ ಗುಳೆಯ ಮಾತು ಶುರುವಾಗುತ್ತದೆ. ಕಬ್ಬು ಕಡಿಯಲು ಯಾರು, ಕಾಫಿ ತೋಟಕ್ಕೆ ಯಾರು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಯಾರು ಎಂದು ಗೊತ್ತುಮಾಡುವವನು ಮೇಸ್ತ್ರಿ. ಅವನ ಕೈಯಲ್ಲಿ ಅಂಚು ಸವೆದ ಉದ್ದನೆಯ ನೋಟ್‌ಬುಕ್ ಒಂದಿರುತ್ತದೆ. ಎಡಗಡೆ ಹೆಸರು, ಅದರ ಮುಂದೆ ಕೊಟ್ಟ ಮುಂಗಡ, ಸಂತೆ ದಿನ ಕೊಟ್ಟ ಖರ್ಚಿ, ಬಂದ ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು. ಆಳು ಹುಡುಕುವುದು, ಮನೆಯವರನ್ನು ಒಪ್ಪಿಸುವುದು, ಕರೆದೊಯ್ದು ಇಳಿಸುವುದು, ಜಗಳವಾದರೆ ಬಿಡಿಸುವುದು, ಕಡೆಗೆ ಲೆಕ್ಕ ಚುಕ್ತಾ ಮಾಡುವುದು, ಎಲ್ಲವೂ ಅವನದೇ. ಕಾಲೇಜಿನ ಪುಸ್ತಕದಲ್ಲಿ ಇದಕ್ಕೆ ನೇಮಕಾತಿ, ಹಾಜರಿ ನಿರ್ವಹಣೆ, ವೇತನ ಆಡಳಿತ, ಕುಂದುಕೊರತೆ ನಿವಾರಣೆ ಎಂದೆಲ್ಲ ಅಧ್ಯಾಯಗಳಿವೆ.

ಮೇಸ್ತ್ರಿಯ ವ್ಯವಸ್ಥೆಯಲ್ಲಿ ಇಲ್ಲದ್ದು ಒಂದೇ: ಆ ಪುಸ್ತಕದ ನಕಲು ಆಳಿನ ಕೈಯಲ್ಲಿ ಇರುವುದಿಲ್ಲ.

ಮಾನವ ಸಂಪನ್ಮೂಲ ನಿರ್ವಹಣೆ ಎಂಬ ವಿಷಯ ನಮ್ಮ ದೇಶದಲ್ಲಿ ಹುಟ್ಟಿದ್ದೂ ಹೆಚ್ಚುಕಡಿಮೆ ಇಂಥದೇ ಕೊರತೆಯಿಂದ. ಮುಂಬೈ, ಕಲ್ಕತ್ತಾ ಗಿರಣಿಗಳಲ್ಲಿ ಕೂಲಿಕಾರರನ್ನು ಸೇರಿಸಿಕೊಳ್ಳುವ ಅಧಿಕಾರ ಜಾಬರ್, ಸರ್ದಾರ್ ಎಂಬ ಮೇಸ್ತ್ರಿಗಳ ಕೈಯಲ್ಲಿತ್ತು. ಕೆಲಸ ಬೇಕೆಂದರೆ ಅವರಿಗೆ ಮಾಮೂಲು ಕೊಡಬೇಕಿತ್ತು. 1929ರಲ್ಲಿ ನೇಮಕವಾದ ಕಾರ್ಮಿಕರ ರಾಯಲ್ ಕಮಿಷನ್ 1931ರ ವರದಿಯಲ್ಲಿ, ಈ ಅಧಿಕಾರವನ್ನು ಜಾಬರ್‌ಗಳಿಂದ ಕಿತ್ತು ಲೇಬರ್ ಆಫೀಸರ್ ಎಂಬ ಹೊಸ ಹುದ್ದೆಗೆ ಕೊಡಿ ಎಂದು ಶಿಫಾರಸು ಮಾಡಿತು. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. ಗಣಿಗಳಿಗೂ 1955ರ ನಿಯಮಗಳಲ್ಲಿ ಇಂಥದೇ ಷರತ್ತು ಬಂತು. ‘ಎಚ್‌ಆರ್’ ಎಂಬ ಹೊಳಪಿನ ಹೆಸರು ಬಂದದ್ದು ಬಹಳ ತಡವಾಗಿ. 1970ರ ದಶಕದ ನಡುವಿನಲ್ಲಿ ಅಹಮದಾಬಾದಿನ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಲಾರ್ಸನ್ ಅಂಡ್ ಟೂಬ್ರೋ ಕಂಪನಿಗೆ ಮಾನವ ಸಂಪನ್ಮೂಲ ಅಭಿವೃದ್ಧಿಯ ವ್ಯವಸ್ಥೆ ರೂಪಿಸಿಕೊಟ್ಟ ಮೇಲೆ ಆ ಮಾತು ಇಲ್ಲಿ ಚಲಾವಣೆಗೆ ಬಂತು.

ಈ ಹಳೆಯ ಕತೆ ಕೂಡ್ಲಿಗಿ, ಕೊಟ್ಟೂರಿನ ಪದವಿ ವಿದ್ಯಾರ್ಥಿಗೆ ಯಾಕೆ ಬೇಕು? ಕಾರಣವಿದೆ. ಎಚ್‌ಆರ್ ಎಂದರೆ ಎಂಬಿಎ, ಎಂಬಿಎ ಎಂದರೆ ಲಕ್ಷಗಟ್ಟಲೆ ಫೀ, ಅದು ನಮ್ಮಂಥವರಿಗಲ್ಲ ಎಂಬ ಲೆಕ್ಕಾಚಾರ ಈ ಕಡೆ ಸಾಮಾನ್ಯ. ಆದರೆ ಕಲ್ಯಾಣಾಧಿಕಾರಿಯ ಹುದ್ದೆ ಹುಟ್ಟಿದಾಗ ಅದಕ್ಕೆ ಅರ್ಹತೆಯೆಂದು ಗುರುತಿಸಿದ್ದು ಸಮಾಜಕಾರ್ಯ, ಕಾರ್ಮಿಕ ಕಲ್ಯಾಣದ ಓದನ್ನು. ಹಾಗಾಗಿಯೇ ಕರ್ನಾಟಕದ ಕಾರ್ಖಾನೆಗಳ ಜಾಹೀರಾತಿನಲ್ಲಿ ಇವತ್ತಿಗೂ ‘ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಎಂಬಿಎ–ಎಚ್‌ಆರ್’ ಎಂದು ಜೋಡಿಯಾಗಿ ಬರೆಯುತ್ತಾರೆ. ಬಾಗಿಲು ಎರಡಿವೆ. ಎಂಎಸ್‌ಡಬ್ಲ್ಯುವಿನದು ಅಗ್ಗ, ಹತ್ತಿರದಲ್ಲೂ ಇದೆ. ಬಹಳ ಮಂದಿಗೆ ಗೊತ್ತಿಲ್ಲ, ಅಷ್ಟೇ.

ಈಗ ಊರಿನ ಲೆಕ್ಕಕ್ಕೆ ಬರೋಣ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿ ಆರು ತಾಲ್ಲೂಕುಗಳಿವೆ. ಹೊಸಪೇಟೆಯೊಂದನ್ನು ಬಿಟ್ಟರೆ ಉಳಿದ ಐದೂ, ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಹೆಚ್ಚಾಗಿ ಒಣಭೂಮಿ ಬೇಸಾಯದ ಸೀಮೆಗಳೇ. ದೊಡ್ಡ ಕಾರ್ಖಾನೆಗಳು ಕಡಿಮೆ. ಪದವಿ ಕಾಲೇಜುಗಳಿಗೆ ಮಾತ್ರ ಬರವಿಲ್ಲ. ಕೊಟ್ಟೂರಿನ ಕೊಟ್ಟೂರೇಶ್ವರ ಕಾಲೇಜು, ಹಡಗಲಿಯ ಜಿ.ಬಿ.ಆರ್. ಕಾಲೇಜು ಇವೆರಡೂ 1916ರಲ್ಲಿ ಹುಟ್ಟಿದ ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘದವು. ಹಗರಿಬೊಮ್ಮನಹಳ್ಳಿಯಲ್ಲಿ ಜಿ.ವಿ.ಪಿ.ಪಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಹರಪನಹಳ್ಳಿಯಲ್ಲಿ ಎಸ್.ಯು.ಜೆ.ಎಂ. ಮತ್ತು ಎ.ಡಿ.ಬಿ. ಕಾಲೇಜುಗಳು, ಕೂಡ್ಲಿಗಿಯಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇವೆ.

ಇಲ್ಲಿ ಪದವಿ ಮಟ್ಟದಲ್ಲೇ ‘ಎಚ್‌ಆರ್ ಕೋರ್ಸ್’ ಹುಡುಕುತ್ತ ಕೂರಬೇಕಾಗಿಲ್ಲ. ಬಿ.ಕಾಂ. ಓದುವವರಿಗೆ ಸಾಮಾನ್ಯವಾಗಿ ಮಾನವ ಸಂಪನ್ಮೂಲದ ಒಂದು ಪತ್ರಿಕೆ ಎದುರಾಗುತ್ತದೆ, ಬಿಬಿಎ ಓದುವವರಿಗೆ ಇನ್ನಷ್ಟು. ಬಿ.ಎ.ಯಲ್ಲಿ ಸಮಾಜಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಓದಿದವರು ಎಂಎಸ್‌ಡಬ್ಲ್ಯುಗೆ ಹೋಗಿ ಅಲ್ಲಿ ಎಚ್‌ಆರ್ ವಿಭಾಗ ಆರಿಸಿಕೊಳ್ಳಬಹುದು. ನಾಲ್ಕು ವರ್ಷದ ಆನರ್ಸ್ ಪದವಿಯ ಗೊಂದಲವೂ ಈಗಿಲ್ಲ. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷ, ಆರು ಸೆಮಿಸ್ಟರ್.

ಪದವಿಯ ನಂತರದ ದಾರಿಗಳಲ್ಲಿ ಮೊದಲನೆಯದು ಎಂಬಿಎ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ ಬರೆಯಬೇಕು. ಪದವಿಯಲ್ಲಿ ಶೇ 50, ಪರಿಶಿಷ್ಟರಿಗೆ ಮತ್ತು ಪ್ರವರ್ಗ–1ಕ್ಕೆ ಶೇ 45 ಅಂಕ ಇರಬೇಕು. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯ, ಬಳ್ಳಾರಿಯ ಬಿಐಟಿಎಂ, 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇವೆಲ್ಲ ಈ ಭಾಗದವರಿಗೆ ಹತ್ತಿರದ ಜಾಗಗಳು. ಹರಪನಹಳ್ಳಿಯವರಿಗೆ ದಾವಣಗೆರೆಯೇ ಸಲೀಸು. ಎರಡನೆಯದು ಎಂಎಸ್‌ಡಬ್ಲ್ಯು. ಬಳ್ಳಾರಿಯ ಇದೇ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ. ಈ ಕೋರ್ಸಿನ ನಿಜವಾದ ಬಂಡವಾಳ ಕ್ಷೇತ್ರಕಾರ್ಯ: ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ತರಗತಿ ಬಿಟ್ಟು ಸಂಸ್ಥೆಯೊಂದರಲ್ಲಿ ಕೆಲಸ, ಕೊನೆಗೆ ತಿಂಗಳಷ್ಟು ಕಾಲ ಪೂರ್ತಿ ಅಲ್ಲೇ. ಮನೆ ಬಿಟ್ಟು ಹೋಗಲಾಗದವರಿಗೆ, ಮುಖ್ಯವಾಗಿ ಮದುವೆಯಾಗಿ ಸಂಸಾರ ಹೂಡಿದ ಹೆಣ್ಣುಮಕ್ಕಳಿಗೆ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಎಂಬಿಎ ಮತ್ತು ಇಗ್ನೋದ ಮಾನವ ಸಂಪನ್ಮೂಲ ಸ್ನಾತಕೋತ್ತರ ಡಿಪ್ಲೊಮಾ ಇವೆ. ಡಿಪ್ಲೊಮಾ ಒಂದನ್ನೇ ನೆಚ್ಚಿಕೊಂಡು ಕೆಲಸಕ್ಕೆ ಹೊರಟರೆ ಕಷ್ಟ. ಆಗಲೇ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿರುವವರಿಗೆ ಅದು ಮೇಲಿನ ಮೆಟ್ಟಿಲಾಗುತ್ತದೆ.

ಸೀಟಿನ ವಿಚಾರದಲ್ಲಿ ಈ ಐದೂ ತಾಲ್ಲೂಕುಗಳಿಗೆ ಸಂವಿಧಾನದ 371(ಜೆ) ವಿಧಿಯ ಬಲವಿದೆ. ಕಲ್ಯಾಣ ಕರ್ನಾಟಕದೊಳಗಿನ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟುಗಳು ಇಲ್ಲಿನವರಿಗೆ ಮೀಸಲು. ಹರಪನಹಳ್ಳಿಯಂತೂ ಇದಕ್ಕಾಗಿಯೇ ಜಿಲ್ಲೆ ಬದಲಿಸಿದ ತಾಲ್ಲೂಕು. 1997ರಲ್ಲಿ ದಾವಣಗೆರೆಗೆ ಸೇರಿದ್ದದ್ದು ಹೋರಾಟದ ನಂತರ 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. ಇಷ್ಟಾದರೂ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪ್ರಮಾಣಪತ್ರ ಕೈಯಲ್ಲಿಲ್ಲದಿದ್ದರೆ ಈ ಮೀಸಲಾತಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಕೌನ್ಸೆಲಿಂಗ್ ಹತ್ತಿರ ಬಂದಾಗ ನಾಡಕಚೇರಿಗೆ ಓಡುವುದಕ್ಕಿಂತ ಎರಡನೇ ವರ್ಷದ ರಜೆಯಲ್ಲೇ ಅದನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಇನ್ನು ಓದು. ಪಠ್ಯಕ್ರಮದಲ್ಲಿ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳು, ಮಾಸ್ಲೋನ ಅಗತ್ಯಗಳ ಏಣಿ, ಕಾರ್ಯಕ್ಷಮತೆಯ ಮೌಲ್ಯಮಾಪನ ಎಲ್ಲ ಇರುತ್ತವೆ. ಓದಬೇಕು, ಪರೀಕ್ಷೆಯಲ್ಲಿ ಬರೆಯಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಕೆಲಸ ಕೊಡಿಸುವುದು ಮಾಸ್ಲೋ ಅಲ್ಲ, ಸ್ಯಾಲರಿ ಸ್ಲಿಪ್ಪು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನದೋ ತೋರಣಗಲ್ಲಿನಲ್ಲಿರುವ ಮಾವನದೋ ಸ್ಲಿಪ್ಪನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ಪೆನ್ನು ಹಿಡಿದು ಕೂತರೆ ಒಂದು ಸೆಮಿಸ್ಟರಿನ ಪಾಠ ಒಂದು ಸಂಜೆಯಲ್ಲಿ ಆಗುತ್ತದೆ. ಒಟ್ಟು ಸಂಬಳ 20,000, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ 12,000 ಎಂದಿಟ್ಟುಕೊಳ್ಳಿ. ಪಿಎಫ್ 12,000ದ ಮೇಲೆ ಶೇ 12, ಅಂದರೆ 1,440. ಇಎಸ್‌ಐ 20,000ದ ಮೇಲೆ ಶೇ 0.75, ಅಂದರೆ 150. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಸಂಬಳಕ್ಕಿಲ್ಲ. ಕೈಗೆ ಬರುವುದು 18,410. ಸ್ಲಿಪ್ಪಿನಲ್ಲಿ ಅನೇಕ ಸಲ ಕಾಣದ ಭಾಗ ಇನ್ನೊಂದಿದೆ. ಮಾಲೀಕರೂ 1,440 ಪಿಎಫ್ ಕಟ್ಟಬೇಕು. ಅದರಲ್ಲಿ ಶೇ 8.33ರಂತೆ ಸುಮಾರು 1,000 ಪಿಂಚಣಿ ಖಾತೆಗೆ ಹೋಗುತ್ತದೆ, ಉಳಿದ 440 ಭವಿಷ್ಯನಿಧಿಗೆ. ಇಎಸ್‌ಐಗೆ ಅವರ ಪಾಲು ಶೇ 3.25, ಅಂದರೆ 650. ಕೆಲಸ ಬಿಡುವಾಗ ಗ್ರಾಚುಟಿ: 12,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 6,923. ಐದು ವರ್ಷ ದುಡಿದವರಿಗೆ 34,615.

ಪಿಎಫ್ ಕಡ್ಡಾಯವಾಗಲು ಕನಿಷ್ಠ 20 ಜನ, ಇಎಸ್‌ಐಗೆ 10 ಜನ ನೌಕರರಿರಬೇಕು ಎಂಬ ಗಡಿಯನ್ನು ಪಾಠವಾಗಿ ಉರುಹಚ್ಚುವ ಬದಲು ಬಳ್ಳಾರಿಯ ಜೀನ್ಸ್ ಹೊಲಿಗೆಯ ಮನೆಗಳನ್ನು ನೋಡಿಬಂದರೆ ಅದು ಮರೆಯುವುದಿಲ್ಲ. ನಾಲ್ಕು ಮಷಿನ್ನು, ಆರು ಜನ, ಪೀಸ್ ಲೆಕ್ಕದ ಕೂಲಿ. ಹೊರಗೆ ಮಾರುಕಟ್ಟೆ ದೊಡ್ಡದು, ಒಳಗೆ ಕಾನೂನಿನ ಕಣ್ಣಿಗೆ ಬೀಳದಷ್ಟು ಸಣ್ಣ ಘಟಕ.

ಎಚ್‌ಆರ್ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೇಸ್ ಸ್ಟಡಿ ಓದಬೇಕಾಗಿಲ್ಲ. 2020ರ ಡಿಸೆಂಬರ್ 12ರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಬಂದ ಕಾರ್ಮಿಕರು ಗಾಜು, ಪೀಠೋಪಕರಣ, ವಾಹನ ಒಡೆದು ಹಾಕಿದರು. ಸಂಬಳ ಸರಿಯಾಗಿ ಬರುತ್ತಿಲ್ಲ, ಓ.ಟಿ. ಹಣ ಸಿಗುತ್ತಿಲ್ಲ ಎಂಬ ದೂರು ಮೊದಲೇ ಕುದಿಯುತ್ತಿತ್ತು. ರಾಜ್ಯದ ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಹೊರಬಿದ್ದ ಅಂಶಗಳು ಎಚ್‌ಆರ್ ಓದುವವರು ಗೋಡೆಗೆ ಅಂಟಿಸಿಕೊಳ್ಳುವಂಥವು. ಸ್ವಲ್ಪ ಸಮಯದಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕಂತೆ ಕಾರ್ಮಿಕ ಕಾನೂನು ಬಲ್ಲ ಎಚ್‌ಆರ್ ಸಿಬ್ಬಂದಿ ಇರಲಿಲ್ಲ. ಹಾಜರಿ ದಾಖಲಿಸುವ ವ್ಯವಸ್ಥೆಯೇ ಕೆಟ್ಟಿತ್ತು. ಪಾಳಿಯನ್ನು 12 ಗಂಟೆಗೆ ಬದಲಿಸಿದ್ದನ್ನು ಜನರಿಗೆ ಸರಿಯಾಗಿ ತಿಳಿಸಿರಲಿಲ್ಲ. ಕಂಪನಿ ಕ್ಷಮೆ ಕೇಳಿ ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಮುಂದೆ 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು.

ಕೋಟಿಗಟ್ಟಲೆಯ ಯಂತ್ರಗಳ ನಡುವೆ ಕೈಕೊಟ್ಟದ್ದು ಹಾಜರಿ ಪುಸ್ತಕ. ತಾಂಡಾದ ಮೇಸ್ತ್ರಿಗೆ ಈ ಸುದ್ದಿ ಹೇಳಿದರೆ ನಕ್ಕಾನು.

ಈ ಜಿಲ್ಲೆಗೆ ಇನ್ನೂ ಹತ್ತಿರದ ಪಾಠ 2011ರದು. ಆ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಅಕ್ರಮಕ್ಕೆ ಕಡಿವಾಣ ಬಿತ್ತು ನಿಜ. ಜೊತೆಗೆ ಲಾರಿ ಡ್ರೈವರು, ಕ್ಲೀನರು, ಲೋಡಿಂಗ್ ಆಳು, ಗಣಿ ಕ್ಯಾಂಟೀನಿನವರು ಎಲ್ಲರ ಕೆಲಸವೂ ನಿಂತಿತು. ಆಗಿನ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ ಕೆಲಸದಿಂದ ತೆಗೆದರೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕಿತ್ತು. ಆದರೆ ಪರಿಹಾರ ಕೇಳುವವನು ಮೊದಲು ತಾನು ಅಲ್ಲಿ ಕೆಲಸ ಮಾಡುತ್ತಿದ್ದೆ ಎಂದು ತೋರಿಸಬೇಕಲ್ಲ. ನೇಮಕಾತಿ ಪತ್ರವಿಲ್ಲ, ಹಾಜರಿಯಲ್ಲಿ ಹೆಸರಿಲ್ಲ, ಸಂಬಳ ಕೈಗೆ ಕೈ ಎಂದಾದರೆ ಕಾಯ್ದೆ ಯಾವ ಲೆಕ್ಕಕ್ಕೆ? ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹುಡುಗರಿಗೆ ಪ್ರಾಜೆಕ್ಟ್ ವಿಷಯ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಆಗ ಗಣಿಗೆ ಹೋಗುತ್ತಿದ್ದವರು ಊರಲ್ಲೇ ಇದ್ದಾರೆ. ಚಹಾ ಅಂಗಡಿಯಲ್ಲಿ ಕೂತು ಕೇಳಿದರೆ ಸಂದರ್ಶನ ಆದಂತೆಯೇ. ಇಂಟರ್‌ನೆಟ್‌ನಿಂದ ಇಳಿಸಿದ ‘ಬಿಗ್ ಬಜಾರ್ ನೌಕರರ ತೃಪ್ತಿ’ಯ ಪ್ರಾಜೆಕ್ಟನ್ನು ಮುಖಪುಟ ಬದಲಿಸಿ ಕೊಡುವವರಿಗೆ ಮಾತ್ರ ಈ ಸಲಹೆ ರುಚಿಸದು.

ಕಾನೂನಿನ ಪುಸ್ತಕ ಕೊಳ್ಳುವಾಗ ಎಚ್ಚರ ಬೇಕು. ಸೆಕೆಂಡ್ ಹ್ಯಾಂಡ್ ಪುಸ್ತಕಗಳಲ್ಲಿರುವುದು ಹಳೆಯ ಕಾಯ್ದೆಗಳು. 29 ಕೇಂದ್ರ ಕಾಯ್ದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ವೇತನ ಸಂಹಿತೆ 2019ರದು, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆಯ ಸಂಹಿತೆಗಳು 2020ರವು. ಇನ್ನು ಮುಂದೆ ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದನ್ನೂ ‘ವೇತನ’ವೆಂದೇ ಲೆಕ್ಕ ಹಿಡಿಯಬೇಕು. ಮೇಲಿನ ಸ್ಲಿಪ್ಪಿನಲ್ಲಿ 12,000ದ ಬದಲು 8,000 ಎಂದು ತೋರಿಸಿದರೂ ಲೆಕ್ಕಕ್ಕೆ 10,000 ಆಗುತ್ತದೆ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷಕ್ಕೇ ಗ್ರಾಚುಟಿ. ಕಲ್ಯಾಣಾಧಿಕಾರಿಯ ಗಡಿಯೂ ಇಳಿದಿದೆ: 500 ಕಾರ್ಮಿಕರ ಬದಲು 250. ಅಷ್ಟರಮಟ್ಟಿಗೆ ಈ ಹುದ್ದೆ ಇರಬೇಕಾದ ಕಾರ್ಖಾನೆ, ಗಣಿಗಳ ಸಂಖ್ಯೆ ಹೆಚ್ಚಿತು ಎಂದೇ ಅರ್ಥ. ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ಪಟ್ಟಿ ಮಾಡಿಕೊಂಡ ವಿದ್ಯಾರ್ಥಿ, ಇಪ್ಪತ್ತು ವರ್ಷದಿಂದ ಹಳೆಯ ಕಾಯ್ದೆಯಲ್ಲೇ ಪಳಗಿದ ಮ್ಯಾನೇಜರಿನ ಎದುರೂ ಧೈರ್ಯವಾಗಿ ಕೂರಬಹುದು.

ಇಂಗ್ಲಿಷ್ ಎಂಬ ಭಯ ಉಳಿಯಿತು. ಪಠ್ಯಪುಸ್ತಕಗಳು ಇಂಗ್ಲಿಷಿನಲ್ಲೇ ಇವೆ. ಕೆ. ಅಶ್ವತ್ಥಪ್ಪನವರ ಪುಸ್ತಕವನ್ನು ದೇಶದೆಲ್ಲೆಡೆ ಓದುತ್ತಾರೆ, ಭಾಷೆಯೂ ಸರಳ. ಕನ್ನಡದಲ್ಲಿ ಓದಬೇಕೆನ್ನುವವರಿಗೆ ಬೆಂಗಳೂರಿನ ನಿರುತ ಪಬ್ಲಿಕೇಷನ್ಸ್ ಸಮಾಜಕಾರ್ಯ ಮತ್ತು ಎಚ್‌ಆರ್ ಕುರಿತು ಪುಸ್ತಕಗಳನ್ನು ತಂದಿದೆ. ಇಮೇಲು, ಎಕ್ಸೆಲ್ಲು, ಸಂದರ್ಶನದ ಮಟ್ಟಿನ ಇಂಗ್ಲಿಷ್ ಕಲಿಯದೆ ಗತಿಯಿಲ್ಲ. ಹಾಗೆಂದು ಕನ್ನಡವನ್ನು ಕೊರತೆಯಂತೆ ಬಚ್ಚಿಡುವುದೂ ದಡ್ಡತನ. 1946ರ ಸ್ಥಾಯಿ ಆದೇಶಗಳ ಕಾಯ್ದೆಯೇ ಕಾರ್ಖಾನೆಯ ನಿಯಮಾವಳಿಯನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಗೇಟಿನ ಬಳಿ ಹಾಕಬೇಕೆಂದು ಹೇಳಿತ್ತು. ಆ ಫಲಕವನ್ನು ಓದುವಂತೆ ಬರೆಯುವವರು ಬೇಕು. ಅಪಘಾತವಾದಾಗ ಗಾಯಗೊಂಡವನ ಮನೆಗೆ ಫೋನು ಮಾಡುವವರು ಬೇಕು. ಈ ಸೀಮೆಯವರಿಗೆ ಕನ್ನಡದ ಜೊತೆ ತೆಲುಗು, ಲಂಬಾಣಿ, ಉರ್ದು ಬೀದಿಯಲ್ಲೇ ಬಂದಿರುತ್ತವೆ. ಹಿಂದಿ ಸ್ವಲ್ಪ ಕಲಿತರೆ ಗೇಟಿನೊಳಗೆ ಬರುವ ಮುಕ್ಕಾಲು ಜನರ ಜೊತೆ ಮಾತಾಡಬಹುದು. ಬಯೋಡೇಟಾದಲ್ಲಿ ‘ಉತ್ತಮ ಸಂವಹನ ಕೌಶಲ’ ಎಂದು ಬರೆಯುವ ಬದಲು ಈ ಭಾಷೆಗಳ ಹೆಸರು ಬರೆದರೆ ಮಾಲೀಕರಿಗೆ ಬೇಗ ಅರ್ಥವಾಗುತ್ತದೆ.

ಕೆಲಸದ ಜಾಗಗಳೂ ತೀರ ದೂರವಿಲ್ಲ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ದೇಶದ ಅತಿ ದೊಡ್ಡ ಉಕ್ಕು ಘಟಕಗಳಲ್ಲೊಂದು. ಸಂಡೂರಿನಲ್ಲಿ ಎನ್‌ಎಂಡಿಸಿಯ ದೋಣಿಮಲೈ ಗಣಿ ಮತ್ತು ಸಂಡೂರು ಮ್ಯಾಂಗನೀಸ್ ಕಂಪನಿ, ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಇವೆ. ಆದರೆ ಹೊಸಬರು ದೊಡ್ಡ ಕಂಪನಿಯ ಬೋರ್ಡನ್ನಷ್ಟೇ ನೋಡಿ ಗುತ್ತಿಗೆದಾರರನ್ನು ಮರೆಯುತ್ತಾರೆ. ಇಂಥ ಕಾರ್ಖಾನೆಗಳ ಒಳಗೆ ಗುತ್ತಿಗೆ ಸಂಸ್ಥೆಗಳು ಬಹಳ. ಅಲ್ಲಿ ‘ಟೈಮ್ ಆಫೀಸ್’ನ ಕುರ್ಚಿ ಸಿಕ್ಕರೆ ಹಾಜರಿ, ಗೇಟ್‌ಪಾಸ್, ಪಿಎಫ್ ಚಲನ್ ಎಲ್ಲವನ್ನೂ ಒಬ್ಬರೇ ಮಾಡಬೇಕಾಗುತ್ತದೆ. ಸಂಬಳ ಕಡಿಮೆ, ದುಡಿತ ಹೆಚ್ಚು. ಆದರೂ ಅಲ್ಲಿ ಎರಡು ವರ್ಷ ತಳವೂರಿದವರು ಎಲ್ಲ ಬಗೆಯ ರಿಜಿಸ್ಟರನ್ನೂ ನೋಡಿರುತ್ತಾರೆ. ಪದವೀಧರರಿಗೆ ಕೇಂದ್ರದ ಅಪ್ರೆಂಟಿಸ್ ಯೋಜನೆಯಾದ ‘ನ್ಯಾಟ್ಸ್’ ಪೋರ್ಟಲ್ ಕೂಡ ಇದೆ. ಅದು ಎಂಜಿನಿಯರುಗಳಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ, ಬಿ.ಎ., ಬಿ.ಕಾಂ. ಆದವರೂ ನೋಂದಾಯಿಸಬಹುದು.

ಸರ್ಕಾರಿ ಕೆಲಸವೇ ಬೇಕೆನ್ನುವವರಿಗೂ ಈ ಓದು ವ್ಯರ್ಥವಲ್ಲ. ಭವಿಷ್ಯನಿಧಿ ಸಂಘಟನೆಯ ಜಾರಿ ಅಧಿಕಾರಿ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಗೆ ಯಾವುದೇ ಪದವಿ ಸಾಕು, ಅದರ ಪಠ್ಯದಲ್ಲಿ ಕಾರ್ಮಿಕ ಕಾನೂನು ಮತ್ತು ಸಾಮಾಜಿಕ ಭದ್ರತೆ ಇವೆ. ಯುಜಿಸಿ ನೆಟ್‌ನಲ್ಲಿ ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲಕ್ಕೆ 55ನೇ ಸಂಖ್ಯೆಯ ಪ್ರತ್ಯೇಕ ವಿಷಯವಿದೆ. ಪಾಠ ಮಾಡುವ ಆಸೆಯಿದ್ದವರಷ್ಟೇ ಅಲ್ಲ, ಸಾರ್ವಜನಿಕ ಉದ್ಯಮಗಳತ್ತ ಕಣ್ಣಿಟ್ಟವರೂ ಅದನ್ನು ಬರೆಯುತ್ತಾರೆ.

ಮೋಸದ ಬಗ್ಗೆಯೂ ಒಂದು ಮಾತು. ‘ಎಚ್‌ಆರ್ ಎಕ್ಸಿಕ್ಯೂಟಿವ್’ ಎಂದು ಕರೆದು ದಿನವಿಡೀ ಅಪರಿಚಿತರಿಗೆ ಫೋನು ಹಚ್ಚಿಸುವ ಕಚೇರಿಗಳು ನಗರಗಳಲ್ಲಿ ಗಲ್ಲಿಗೊಂದಿವೆ. ಕೆಲಸ ಕೊಡಿಸುತ್ತೇವೆ ಎಂದು ‘ರಿಜಿಸ್ಟ್ರೇಷನ್ ಫೀ’ ಕೇಳುವವರೂ ಇದ್ದಾರೆ. ಗಿರಣಿಯ ಜಾಬರ್ ಮಾಮೂಲು ಕೇಳುತ್ತಿದ್ದ, ಇವರು ಗೂಗಲ್ ಪೇ ನಂಬರ್ ಕೊಡುತ್ತಾರೆ. ಕೆಲಸ ಕೊಡುವವರು ಹಣ ಕೇಳಿದರೆ ಎದ್ದು ಬರಬೇಕು, ಎರಡನೇ ಯೋಚನೆ ಬೇಡ.

ಕಾರ್ಖಾನೆಯ ಸಂದರ್ಶನದಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಎಂಬುದಾದ ಮೇಲೆ ಬರುವ ಪ್ರಶ್ನೆ ಹೆಚ್ಚಾಗಿ ಹೀಗಿರುತ್ತದೆ: ತಿಂಗಳ ವೇತನ 15,600, ಈ ತಿಂಗಳು 12 ಗಂಟೆ ಓ.ಟಿ. ಮಾಡಿದ್ದಾರೆ, ಎಷ್ಟು ಕೊಡಬೇಕು? 26ರಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 75, ಓ.ಟಿ.ಗೆ ದುಪ್ಪಟ್ಟು ದರವಾದ್ದರಿಂದ 150, ಹನ್ನೆರಡು ಗಂಟೆಗೆ 1,800. ಕ್ಯಾಲ್ಕ್ಯುಲೇಟರ್ ಕೇಳದೆ ಇದನ್ನು ಹೇಳುವ ಅಭ್ಯಾಸ ಪದವಿಯ ಐದನೇ ಸೆಮಿಸ್ಟರಿಗೆ ಆಗಿದ್ದರೆ ಒಳ್ಳೆಯದು.